ಕಮತಗಿಯ ಸೀಮೆಯ ದಿನಚರಿ: ಮಗ್ಗ, ಒಲೆ, ಬಿಡಾರ, ಕಣ

ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವ ದಾರಿಯಲ್ಲಿ ಕಮತಗಿಯೆಂಬ ಊರಿದೆ. ಐಹೊಳೆಯನ್ನು ನೋಡಲು ಹೊರಟ ವಿದ್ಯಾವಂತರು ಈ ಸೀಮೆಯನ್ನು ಹಾದೇ ಹೋಗುವರಾದರೂ ಇಲ್ಲಿ ಇಳಿಯುವವರು ವಿರಳ. ಅವರ ಮನಸ್ಸೆಲ್ಲವೂ ಮೇಗುತಿಯ ಗುಡ್ಡದ ಮೇಲಿರುತ್ತದೆ, ಅಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಕಲ್ಲಿನಲ್ಲಿ ಬರೆಯಿಸಿದ ಇಮ್ಮಡಿ ಪುಲಕೇಶಿಯ ದಿಗ್ವಿಜಯವಿದೆ. ಅದನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ಆದರೆ ಪುಲಕೇಶಿಯ ಸೈನಿಕನು ಏನು ಉಂಡನು, ಅವನ ಹೆಂಡತಿ ಏನು ಉಟ್ಟಳು, ಹಬ್ಬದ ದಿನ ಅವರ ಮಕ್ಕಳು ಯಾವ ಆಟವನ್ನು ನೋಡಲು ಓಡಿದರು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ. ಅಂತಹ ಸಂಗತಿಗಳಿಗೆ ಶಾಸನಗಳಿಲ್ಲ. ಅವುಗಳ ಆಧಾರಗಳು ನೂಲಿನಲ್ಲಿ, ಹಿಟ್ಟಿನಲ್ಲಿ, ಜನರ ರೂಢಿಯಲ್ಲಿ ಉಳಿದಿರುವುವು. ಈ ದಿನ ನಾವು ಅವುಗಳನ್ನೇ ಓದಲು ಯತ್ನಿಸುವೆವು.

ಮೊದಲು ನೆಲದ ವಿಷಯ. ಮಲಪ್ರಭೆಯ ಸಮೀಪದ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 22 ಅಂಗುಲದಷ್ಟು; ಅದೂ ಕಾಲಕ್ಕೆ ಸರಿಯಾಗಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಎರೆಯ ಹೊಲದಲ್ಲಿ ಬಿಳಿಜೋಳ, ಕುಸುಬೆ, ಕಡಲೆ. ಮಸಬು ನೆಲದಲ್ಲಿ ಸಜ್ಜೆ. ಮುಂಬಯಿ ಇಲಾಖೆಯ ಆಡಳಿತದಲ್ಲಿ ಇದು ವಿಜಾಪುರ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಮಳೆಯನ್ನು ಮಾತ್ರ ನಂಬಿ ಬದುಕಲಾಗದ ಈ ನೆಲದಲ್ಲಿ ನೇಗಿಲಿಗೆ ಜೊತೆಯಾಗಿ ನಿಂತುದು ಮಗ್ಗ. ಇಳಕಲ್ಲು, ಗುಳೇದಗುಡ್ಡ, ಕಮತಗಿ, ಸೂಳೇಬಾವಿ ಮೊದಲಾದ ಊರುಗಳೆಲ್ಲವೂ ನೇಕಾರರ ಊರುಗಳೇ. ಇಳಕಲ್ಲಿನ ಹೆಸರನ್ನು ಸೀರೆಯೂ, ಗುಳೇದಗುಡ್ಡದ ಹೆಸರನ್ನು ಕುಪ್ಪಸದ ಖಣವೂ ನಾಡಿನಲ್ಲೆಲ್ಲ ಹರಡಿದುವು. ಕಮತಗಿಯಂತಹ ಊರುಗಳ ದುಡಿಮೆಯಾದರೋ ನೆರೆಯೂರಿನ ಹೆಸರಿನಲ್ಲಿಯೇ ಪೇಟೆಗೆ ಹೋಗುವುದುಂಟು.

ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯ ನೂಲು. ಸೆರಗು ಕೆಂಪು ರೇಷ್ಮೆ, ಅದರಲ್ಲಿ ಬಿಳಿಯ ತೆನೆಗಳು. ಇದನ್ನೇ ಟೋಪು ತೆನೆಯ ಸೆರಗೆನ್ನುವರು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗಳನ್ನು ಇನ್ನೊಂದರ ಎಳೆಗಳೊಡನೆ ಕುಣಿಕೆ ಕುಣಿಕೆಯಾಗಿ ಕೂಡಿಸಬೇಕು. ಈ ಕಾರಣದಿಂದ ಇತರ ಸೀರೆಗಳಂತೆ ಉದ್ದನೆಯ ಹಾಸನ್ನು ಹೂಡಿ ಒಂದರ ಹಿಂದೊಂದು ನೆಯ್ದು ಕತ್ತರಿಸುವಂತಿಲ್ಲ. ಆರು, ಎಂಟು ಅಥವಾ ಒಂಬತ್ತು ಗಜದ ಪ್ರತಿಯೊಂದು ಸೀರೆಗೂ ಬೇರೆ ಬೇರೆ ಹಾಸನ್ನೇ ಅಣಿಮಾಡಬೇಕು. ಒಡಲಿನ ಬಣ್ಣವೇ ಬೇರೆ, ದಡಿಯ ಬಣ್ಣವೇ ಬೇರೆಯಾದಾಗ ಮೂರು ಲಾಳಿಗಳನ್ನು ಆಡಿಸಿ ಹೊಕ್ಕಿನ ಎಳೆಗಳನ್ನು ಒಂದಕ್ಕೊಂದು ಕೊಂಡಿಹಾಕುವುದೂ ಉಂಟು. ಕುಣಿಮಗ್ಗದಲ್ಲಿ ಕಾಲಿಳಿಯಬಿಟ್ಟು ಕುಳಿತವನೊಬ್ಬನು ನೋಡುವವರ ಕಣ್ಣಿಗೆ ಬೀಳುತ್ತಾನೆ. ಆದರೆ ಅವನ ಕೈಗೆ ಲಾಳಿ ಬರುವುದಕ್ಕೆ ಮುಂಚೆ ನೂಲನ್ನು ಬಿಚ್ಚಿ, ಗಂಜಿ ಹಾಕಿ, ಹಾಸು ಹೂಡಿ, ಎಳೆ ಕೂಡಿಸಿ, ಕಂಡಿಕೆ ಸುತ್ತಿದವರು ಮನೆಯ ಹೆಂಗಸರು, ಮುದುಕರು, ಮಕ್ಕಳು.

ಹೀಗೆ ನೆಯ್ದ ಸೀರೆಯು ಮನೆಗೆ ಬಂದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಅದರ ಮೇಲೆ ಕಸೂತಿ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಕಸೂತಿಯಲ್ಲಿ ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಕಣ್ಣಿನಲ್ಲಿಯೇ ಎಣಿಸಿ ಸೂಜಿಯನ್ನು ಇಳಿಸುವುದು. ನೂಲಿಗೆ ಗಂಟು ಹಾಕುವುದಿಲ್ಲ. ಗವಂತಿಯ ಹೊಲಿಗೆ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ರೀತಿ ಕಾಣಬೇಕು. ಗೋಪುರ, ತೇರು, ತುಳಸೀಕಟ್ಟೆ, ಆನೆಯಂಬಾರಿ, ನವಿಲು ಇವೇ ಅದರ ವಸ್ತುಗಳು. ಮದುವೆಯ ಹೆಣ್ಣಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಇವು ಅರಳುತ್ತಿದ್ದುವು. ಎರಡು ಸೂಜಿಗಳಿಂದ ಉಣ್ಣೆಯನ್ನು ಹೆಣೆಯುವ ವಿದ್ಯೆಯಾದರೋ ನಮ್ಮಲ್ಲಿಗೆ ಬಂದುದು ಈಚೆಗೆ. ಬಾಸೆಲ್ ಮಿಶನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಯೂರಿದರು. ಮಿಶನ್ನಿನ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಓದಿನ ಜೊತೆಗೆ ಹೊಲಿಗೆ ಹೆಣಿಗೆಗಳನ್ನು ಕಲಿಸುವುದು ವಾಡಿಕೆಯಾಗಿತ್ತು. ಈ ಸೆಕೆಯ ಸೀಮೆಯಲ್ಲಿ ಉಣ್ಣೆಯ ಅಂಗಿಗೆ ಅಷ್ಟು ಕೆಲಸವಿಲ್ಲದಿದ್ದರೂ ಹೆಣಿಗೆಯು ಇಲ್ಲಿಯ ಹೆಂಗಸರಿಗೆ ಅಪರಿಚಿತವಾಗಿ ತೋರಿರಲಾರದು. ಅದೂ ಎಳೆಯನ್ನೆಣಿಸುವ ವಿದ್ಯೆಯೇ ತಾನೆ! ಸೀರೆ ಹಳೆಯದಾದ ಮೇಲೆ ಅದನ್ನು ಎಸೆಯುವುದಿಲ್ಲ. ಪದರ ಪದರವಾಗಿ ಹರವಿ, ದಾರ ಓಡಿಸಿ, ಕೌದಿ ಹೊಲಿಯುವರು. ಅಜ್ಜಿಯ ಸೀರೆಯಲ್ಲಿ ಮೊಮ್ಮಗು ಮಲಗುವುದೆಂಬುದು ಈ ಸೀಮೆಯಲ್ಲಿ ಬರಿಯ ಮಾತಲ್ಲ.

ಮಗ್ಗದಿಂದ ಒಲೆಗೆ ಬರೋಣ. ಈ ಎರಡಕ್ಕೂ ನಂಟು ಕಲ್ಪಿಸುವ ಗಿಡವೊಂದಿದೆ, ಅದೇ ಕುಸುಬೆ. ಹಿಂದಿನ ಕಾಲದಲ್ಲಿ ಕುಸುಬೆಯ ಹೂವಿನಿಂದ ಕೆಂಪು ಬಣ್ಣವನ್ನು ತೆಗೆಯುತ್ತಿದ್ದರು. ಬೀಜದಿಂದ ಅಡಿಗೆಯ ಎಣ್ಣೆಯನ್ನು ತೆಗೆಯುತ್ತಿದ್ದರು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ನನು ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದನು; 1868ರಲ್ಲಿ ಜರ್ಮನಿಯ ಇಬ್ಬರು ರಸಾಯನಶಾಸ್ತ್ರಜ್ಞರು ಮಂಜಿಷ್ಠದ ಬೇರಿನ ಕೆಂಪನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಆ ಅಗ್ಗದ ಬಣ್ಣಗಳು ಬಂದ ಮೇಲೆ ಕುಸುಬೆಯ ಹೂವು ಬಣ್ಣದ ಹಂಡೆಯನ್ನು ಬಿಟ್ಟಿತು. ಬೀಜ ಮಾತ್ರ ಅಡಿಗೆಮನೆಯನ್ನು ಬಿಡಲಿಲ್ಲ. ದೂರದ ಪ್ರಯೋಗಶಾಲೆಯ ಒಂದು ಸೂತ್ರವು ಎರೆಹೊಲದ ಒಂದು ಗಿಡದ ಅರ್ಧ ಬಾಳನ್ನು ಕಸಿದುಕೊಂಡಿತೆಂದರೆ ಅತಿಶಯೋಕ್ತಿಯಾಗದು.

ಜೋಳದ ರೊಟ್ಟಿಯನ್ನು ಅನ್ನದ ಸೀಮೆಯವರಾದ ನಮ್ಮಲ್ಲಿ ಹಲವರು ಒರಟು ಆಹಾರವೆಂದು ಭಾವಿಸಿರುವರು. ಒಂದು ರೊಟ್ಟಿಯನ್ನು ತಟ್ಟಿ ನೋಡಿದರೆ ಆ ಭಾವನೆ ಹೋದೀತು. ಗೋದಿಯ ಹಿಟ್ಟಿನಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಅದಕ್ಕಾಗಿಯೇ ಕುದಿಯುವ ನೀರನ್ನು ಹಾಕಿ, ಹಿಟ್ಟು ಸ್ವಲ್ಪ ಬೆಂದು ಅಂಟಿಕೊಳ್ಳುವಂತೆ ಮಾಡಿ, ಅಂಗೈಯ ಬುಡದಿಂದ ನಾದುವರು. ಬಳಿಕ ಲಟ್ಟಣಿಗೆಯಿಲ್ಲದೆ ಕೈಯಿಂದಲೇ ತಟ್ಟುತ್ತ ತಿರುಗಿಸುತ್ತ ಅಗಲ ಮಾಡುವರು. ಹಂಚಿನ ಮೇಲೆ ಹಾಕಿ ಒದ್ದೆಯ ಅರಿವೆಯಿಂದ ಮೇಲ್ಮೈಯನ್ನು ಸವರುವರು. ಕೊನೆಗೆ ಕೆಂಡದ ಬಳಿ ಉಬ್ಬಿಸುವರು. ಬಿಸಿಯಾಗಿರುವಾಗ ಅದು ಮೆತ್ತಗಿನ ರೊಟ್ಟಿ. ಒಣಗಿಸಿಟ್ಟರೆ ಖಡಕ್ ರೊಟ್ಟಿ. ಖಡಕ್ ರೊಟ್ಟಿಯು ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಮೊಸರು. ಮಗ್ಗದ ಕೆಲಸವನ್ನು ನಡುವೆ ಬಿಟ್ಟೇಳಲು ಆಗದ ಮನೆಗೂ, ಹೊಲದಲ್ಲಿ ಹಗಲು ಕಳೆಯುವ ಮನೆಗೂ ಇಂತಹ ಆಹಾರವೇ ತಕ್ಕದ್ದು.

ಈ ಬುತ್ತಿಯ ಬಲದಿಂದಲೇ ಜನರು ಮನೆಯನ್ನು ಬಿಟ್ಟು ಬಯಲಿನಲ್ಲಿ ಇಳಿದುಕೊಳ್ಳಲು ಸಾಧ್ಯವಾಯಿತು. ಪಟ್ಟಣದ ತರುಣರು ಗುಡಾರ ಕಟ್ಟಿ ಒಂದು ರಾತ್ರಿ ಹೊರಗೆ ಮಲಗುವುದನ್ನು ಈಗ ಹೊಸ ವಿನೋದವೆಂದೆಣಿಸುವರು. ಈ ಸೀಮೆಯಲ್ಲಿ ಅದಕ್ಕೆ ಹಳೆಯ ರೂಪಗಳು ಹಲವಿವೆ. ಎಳ್ಳಮಾವಾಸ್ಯೆಯಂದು ಸಂಸಾರವೆಲ್ಲವೂ ಎತ್ತಿನ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಗಳನ್ನು ಅಲ್ಲಿಯೇ ಕುಳಿತು ಉಣ್ಣುವುದು. ಭೂಮಿತಾಯಿಗೆ ಉಣಿಸಿ ತಾವುಣ್ಣುವ ಹಬ್ಬವಿದು. ಕುರುಬರಾದರೋ ಸುಗ್ಗಿಯಾದ ಮೇಲೆ ಮಂದೆಯೊಡನೆ ಹೊಲದಿಂದ ಹೊಲಕ್ಕೆ ಸಾಗುವರು. ಕುರಿ ಹಟ್ಟಿ ಹಾಕಿದ ನೆಲಕ್ಕೆ ಗೊಬ್ಬರ ದೊರೆಯುವುದು. ಅದಕ್ಕೆ ಪ್ರತಿಯಾಗಿ ಕುರುಬನಿಗೆ ಕಾಳು ದೊರೆಯುವುದು. ಅವರ ಹೆಂಗಸರು ನೂಲುವ ಉಣ್ಣೆಯಿಂದ ಕಂಬಳಿಯಾಗುತ್ತದೆ. ಹುಣಿಸೆಬೀಜದ ಗಂಜಿಯನ್ನುಂಡ ಆ ಕಂಬಳಿಯೇ ಅವರಿಗೆ ಹಾಸಿಗೆ, ಹೊದಿಕೆ, ಮಳೆಗಾಲದ ಸೂರು.

ಇವೆಲ್ಲಕ್ಕೂ ದೊಡ್ಡ ಬಿಡಾರ ಬನಶಂಕರಿಯದು. ಬಾದಾಮಿಯ ಹತ್ತಿರ ಚೊಳಚಗುಡ್ಡದ ಬಳಿಯ ಈ ಕ್ಷೇತ್ರದಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆಯುವರು. ಜಾತ್ರೆ ಮಾತ್ರ ವಾರಗಟ್ಟಲೆ ನಡೆಯುವುದು. ತೇರಿಗೆ ಮುಂಚೆ ಪಲ್ಲೇದ ಹಬ್ಬ. ಶಾಕಂಭರಿಯಾದ ದೇವಿಗೆ 108 ಬಗೆಯ ಕಾಯಿಪಲ್ಲೆಗಳ ನೈವೇದ್ಯ. ದನಗಳ ಪೇಟೆ ಒಂದು ಕಡೆ, ಮನೆ ಕಟ್ಟುವವರಿಗೆ ಬೇಕಾದ ಬಾಗಿಲು ಚೌಕಟ್ಟುಗಳ ಪೇಟೆ ಇನ್ನೊಂದು ಕಡೆ. ತಲೆಯ ಮೇಲೆ ಬುಟ್ಟಿ ಹೊತ್ತು ರೊಟ್ಟಿ, ಚಟ್ನಿ, ಮೊಸರು ಮಾರುವ ಹೆಂಗಸರನ್ನು ಅಲ್ಲಿಗೆ ಹೋದವರು ಮರೆಯಲಾರರು. ನಾಟಕದ ಕಂಪನಿಗಳು ಡೇರೆ ಹೊಡೆದು ರಾತ್ರಿಯೆಲ್ಲ ಆಟವಾಡುವುವು. ಹೀಗೆ ಒಂದೂರಿನಲ್ಲಿ ತಳವೂರುವುದಕ್ಕೆ ಕಂಪನಿಯವರು ಹೇಳುವ ಮಾತೇ ‘ಕ್ಯಾಂಪ್’. ಇಂಗ್ಲಿಷರ ದಂಡಿನ ಈ ಶಬ್ದವು ನಮ್ಮ ರಂಗಭೂಮಿಯ ನಿತ್ಯದ ಮಾತಾದುದು ಗಮನಾರ್ಹವಾದ ಸಂಗತಿ.

ಜಾತ್ರೆಯೆಂದ ಮೇಲೆ ಕುಸ್ತಿಯಿರಲೇಬೇಕು. ಕೆಮ್ಮಣ್ಣನ್ನು ಜರಡಿಯಾಡಿ, ಎಣ್ಣೆ ಅರಿಸಿನಗಳನ್ನು ಬೆರಸಿ ಹದಮಾಡಿದ ಕಣ. ಸುತ್ತಲೂ ನೆರೆದ ಜನ. ಇಲ್ಲಿ ಪ್ರೇಕ್ಷಕನು ಸುಮ್ಮನೆ ಕುಳಿತು ನೋಡುವವನಲ್ಲ. ಯಾವ ಪೈಲವಾನನಿಗೆ ಯಾವನು ಸರಿಜೋಡಿಯೆಂದು ವಾದಿಸುವನು. ಮೆಚ್ಚಿದರೆ ತಾನೇ ಬಹುಮಾನವನ್ನು ಕೂಗುವನು. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂದು ಜಗಳವಾಡುವನು. ಗೆದ್ದವನಿಗೆ ಬೆಳ್ಳಿಯ ಕಡಗ, ಹೆಗಲ ಮೇಲೆ ಮೆರವಣಿಗೆ. ಸಮೀಪದ ಅಮೀನಗಡದ ಕರದಂಟನ್ನು ನಮ್ಮಲ್ಲಿ ಕೆಲವರು ತಿಂದಿರಬಹುದು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿಗಳ ಆ ಉಂಡೆಯನ್ನು ಬಾಣಂತಿಗೂ ಕೊಡುವರು, ಪೈಲವಾನನಿಗೂ ಕೊಡುವರು. ಇಬ್ಬರ ಶ್ರಮವೂ ಒಂದೇ ತೂಕದ್ದೆಂದು ಅಡಿಗೆಮನೆಯು ಬಹಳ ಹಿಂದೆಯೇ ತೀರ್ಮಾನಿಸಿದಂತಿದೆ. ಆದರೆ ಕಡಗವು ಒಬ್ಬನಿಗೆ ಮಾತ್ರ.

ಕಾರಹುಣ್ಣಿಮೆಯಂದು ಕರಿ ಹರಿಯುವುದಾದರೋ ಊರೆಲ್ಲ ನೋಡುವ ಆಟ. ಬಣ್ಣ ಬಳಿದ ಎತ್ತುಗಳನ್ನು ಅಗಸಿಯ ಕಡೆಗೆ ಓಡಿಸುವರು. ಅಗಸಿಗೆ ಕಟ್ಟಿದ ಕರಿಯನ್ನು ಮೊದಲು ಹರಿದ ಎತ್ತು ಯಾವ ಬಣ್ಣದ್ದೆಂಬುದರ ಮೇಲೆ ಆ ವರ್ಷ ಮುಂಗಾರಿ ಬೆಳೆ ಹೆಚ್ಚೋ ಹಿಂಗಾರಿ ಬೆಳೆ ಹೆಚ್ಚೋ ಎಂದು ಹೇಳುವರು. ಮಳೆಯನ್ನು ನಂಬಲಾಗದ ನೆಲದಲ್ಲಿ ಆಟವನ್ನು ನೋಡುವ ಕಣ್ಣಿನಲ್ಲಿಯೂ ಜೋಳದ ಚಿಂತೆಯೇ ಇರುವುದು.

ಆ ಚಿಂತೆ ಹುಸಿಯಾದುದಲ್ಲ. 1876ರ ಧಾತು ಸಂವತ್ಸರದಲ್ಲಿ ಮಳೆ ಬಾರದೆ ಹೋಯಿತು. 1872ರ ಗಣತಿಯಲ್ಲಿ ಎಂಟು ಲಕ್ಷಕ್ಕೆ ಮೇಲ್ಪಟ್ಟಿದ್ದ ವಿಜಾಪುರ ಜಿಲ್ಲೆಯ ಜನಸಂಖ್ಯೆಯು 1881ರ ಗಣತಿಯಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿಯಿತು. ಐದರಲ್ಲೊಂದು ಪಾಲು ಜನ ಸತ್ತರು ಇಲ್ಲವೇ ನಾಡುಬಿಟ್ಟರು. ಜೋಳದ ಬೆಲೆ ಏರಿದಾಗ ಸೀರೆಯನ್ನು ಕೊಳ್ಳುವವರಾರು? ಆದುದರಿಂದ ಒಲೆಯೊಡನೆ ಮಗ್ಗವೂ ಆರುವುದು. ಅಂತಹ ಬರವನ್ನು ದಾಟಿಯೂ ಟೋಪು ತೆನೆ, ಕಸೂತಿ, ಹಿಂಡಿ, ಚರಗಗಳು ಉಳಿದುವೆಂದರೆ, ಅವು ಯಾವ ಭಂಡಾರದಲ್ಲಿಯೂ ಅಲ್ಲ, ತಾಯಿಯ ಕೈಯಿಂದ ಮಗಳ ಕೈಗೆ ದಾಟಿ ಉಳಿದುವು.

ಈಗಿನ ಸಂಕಟ ಬೇರೆ ಬಗೆಯದು. ಇದು ಒಮ್ಮೆಗೇ ಬಂದು ಹೋಗುವ ಬರವಲ್ಲ. ವಿದ್ಯುನ್ಮಗ್ಗವು ಕೈಮಗ್ಗದ ಸೀರೆಯ ರೂಪವನ್ನು ಅಗ್ಗವಾಗಿ ಅನುಕರಿಸುವುದು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಲು 1985ರಲ್ಲಿ ಕಾಯಿದೆಯಾಯಿತು. 1999ರ ಇನ್ನೊಂದು ಕಾಯಿದೆಯ ಮೇರೆಗೆ ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಇವು ಹೆಸರನ್ನು ಕಾಯುವುವು. ಹೆಸರಿನ ಹಿಂದಿರುವ ಕೈಗಳನ್ನು ಕಾಯುವುವೇ? 2019-20ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ಸುಮಾರು 35 ಲಕ್ಷ ಕೆಲಸಗಾರರನ್ನು ಎಣಿಸಿದರು. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಹಾಗಿದ್ದರೂ ನೇಕಾರನೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಲಾಳಿ ಹಿಡಿದ ಗಂಡಸಿನ ಚಿತ್ರವೇ. ಕಂಡಿಕೆ ಸುತ್ತಿದವಳಿಗೆ ಬೇರೆ ಕೂಲಿಯಿಲ್ಲ, ಅದು ಮನೆಗೆಲಸದಲ್ಲಿ ಸೇರಿಹೋಯಿತು. ಸೀರೆಯ ಬೆಲೆಯಲ್ಲಿ ಲೆಕ್ಕಕ್ಕೆ ಬಾರದ ಈ ದುಡಿಮೆಯಿಂದಲೇ ಸೀರೆಯು ಇಷ್ಟು ಕಾಲ ಅಗ್ಗವಾಗಿ ದೊರೆಯಿತು. ಮಗಳು ಓದಿ ಬೇರೆ ಉದ್ಯೋಗಕ್ಕೆ ಹೋದರೆ ಅದು ನ್ಯಾಯವೇ. ಅವಳನ್ನು ಎಳೆಗಳಿಗೆ ಕಟ್ಟಿಹಾಕಿ ಕಲೆಯನ್ನು ಉಳಿಸಿರೆಂದು ಹೇಳಲು ಪಟ್ಟಣದಲ್ಲಿ ಕುಳಿತ ನಮಗೆ ಅಧಿಕಾರವಿಲ್ಲ. ನಾವು ಕೇಳಬಹುದಾದುದು ಇಷ್ಟೆ: ಅವಳ ಗಂಟೆಗಳಿಗೂ ಬೆಲೆ ಕಟ್ಟಲಿ; ಆ ಬೆಲೆಯನ್ನು ಕೊಳ್ಳುವವರಾದ ನಾವು ಕೊಡಲಿ. ಹಾಗಾದರೆ ಮಗ್ಗವನ್ನು ಆಯ್ದುಕೊಳ್ಳುವುದು ಅಥವಾ ಬಿಡುವುದು ಅವಳ ಇಚ್ಛೆಯಾದೀತು.

ಕೇಳುತ್ತಿರುವ ಮಹನೀಯರೂ ಮಹಿಳೆಯರೂ ಮುಂದೆ ಐಹೊಳೆಗೆ ಹೋಗುವಾಗ ಕಮತಗಿಯಲ್ಲಿ ಒಂದು ಗಳಿಗೆ ಇಳಿಯಲಿ. ಮಗ್ಗದ ಮನೆಯೊಂದರಲ್ಲಿ ಸೀರೆಯ ಬೆಲೆಯನ್ನು ಕೇಳುವುದಕ್ಕೆ ಮೊದಲು ಈ ಹಾಸನ್ನು ಹೂಡಿದವರಾರು, ಎಳೆಗಳನ್ನು ಕೂಡಿಸಿದವರಾರು, ಎಷ್ಟು ದಿನ ಹಿಡಿಯಿತು ಎಂದು ಕೇಳಲಿ. ದೊರೆಯುವ ಉತ್ತರವನ್ನು ಬರೆದಿಟ್ಟುಕೊಂಡರೆ ಅದೂ ಈ ನಾಡಿನ ಚರಿತ್ರೆಗೆ ಒಂದು ಆಧಾರವಾಗುವುದು.