ಬೀಟೆಯ ಮೇಲಿನ ಚಿತ್ತಾರ
ಬೀಟೆಮರದ ಹಲಗೆಯಲ್ಲಿ ಗುಳಿ ತೋಡಿ ಬೇರೆ ಬಣ್ಣದ ತುಣುಕು ಕೂರಿಸುವ ಇನ್ಲೇ ಕಸುಬು ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಬೆಳೆಯಿತು. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಬೀಟೆಯ ಮೇಲಿನ ದಂತದ ಕೆಲಸ ಈಗಲೂ ಇದೆ.

ಕುಶಲಕರ್ಮಿ ಸಣ್ಣ ಗರಗಸದಿಂದ ತೆಳು ಮರದ ತುಣುಕು ಕತ್ತರಿಸುತ್ತಾನೆ. ಅದನ್ನು ಹಲಗೆಯ ಮೇಲಿಟ್ಟು ಅಂಚು ಗೀಚಿ, ಉಳಿಯಿಂದ ತೋಡಿ, ಅಂಟು ಹಚ್ಚಿ ಕೂರಿಸುತ್ತಾನೆ. ಉಜ್ಜಿ ಪಾಲಿಷ್ ಮಾಡಿದ ಮೇಲೆ ಬೆರಳಿಗೆ ಸಂದು ತಾಗಬಾರದು. ದಂತಕ್ಕೆ ನಿಷೇಧ ಬಂದ ಮೇಲೆ ಪ್ಲಾಸ್ಟಿಕ್ ಬಂತು, ಬಣ್ಣಬಣ್ಣದ ಮರಗಳೂ ಬಂದವು. ನೋಟಕ್ಕೆ ಮರವೇ ಮೇಲು.

ಮೈಸೂರಿನ ಬೀಟೆ ಇನ್ಲೇಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.