ಮೂರು ತಾರೀಖಿನ ಉಜ್ಜುಗೊರಡು

ಹಳೆಯ ಉಜ್ಜುಗೊರಡಿನ ಕಾಲ ಹೇಳುವಾಗ ಎಲ್ಲರೂ ಮೊದಲು ಅಲಗನ್ನೇ ನೋಡುತ್ತಾರೆ. ಅದು ಕೊನೆಗೆ ನೋಡಬೇಕಾದದ್ದು.

ನಮ್ಮ ಮನೆತನದ ಬಡಗಿ ಕೆಲಸದಲ್ಲಿ ಈಗ ಉಳಿದಿರುವುದು ಒಂದು ಕಬ್ಬಿಣದ ಉಜ್ಜುಗೊರಡು. ಅದು 1921ರಲ್ಲಿ ತೀರಿಕೊಂಡ ಮುತ್ತಜ್ಜನದು, 1900ಕ್ಕೂ ಹಿಂದಿನದು ಎಂದು ದೊಡ್ಡಪ್ಪ ಹೇಳುತ್ತಿದ್ದರು. ಅಣ್ಣನ ವಾದವೇ ಬೇರೆ. ಅಲಗಿನ ಮೇಲಿರುವ ಹೃದಯದ ಗುರುತು 1920ರ ನಂತರದ್ದು; ಹಾಗಾಗಿ ಇದು ಮುತ್ತಜ್ಜನದಲ್ಲ, ಗುಜರಿಗೆ ಹಾಕೋಣ ಎಂದ. ಮಕ್ಕಳಿಗೆ ಇತಿಹಾಸ ಹೇಳಿಕೊಡುವ ನನಗೆ ಸುಮ್ಮನಿರಲಾಗಲಿಲ್ಲ.

ಅದನ್ನು ಮಾಡಿದ್ದು ಅಮೆರಿಕದ ನ್ಯೂ ಬ್ರಿಟನ್ ಊರಿನ ಸ್ಟಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿ. ಅಲಗನ್ನು ಸುತ್ತಿಗೆಯಿಂದ ತಟ್ಟಿ ಕೂರಿಸುವ ಬದಲು ತಿರುಪಿನಿಂದ ಏರಿಸಿ ಇಳಿಸುವ ಉಪಾಯ ಲಿಯೊನಾರ್ಡ್ ಬೇಯ್ಲಿಯದು. ಅವನ ಹಕ್ಕುಗಳನ್ನು ಕಂಪನಿ 1869ರಲ್ಲಿ ಕೊಂಡಿತು.

ಅಲಗು ತೆಗೆದು ಕೊಳೆ ಕೆರೆದರೆ, ತಳದ ಎರಕದಲ್ಲಿ ಮೂರು ತಾರೀಖು ಕಾಣುತ್ತವೆ: 1902ರ ಮಾರ್ಚ್ 25, ಅದೇ ವರ್ಷದ ಆಗಸ್ಟ್ 19, 1910ರ ಏಪ್ರಿಲ್ 19. ಇವು ಪೇಟೆಂಟಿನ ತಾರೀಖುಗಳು, ತಯಾರಾದ ದಿನವಲ್ಲ. ಕೊನೆಯ ತಾರೀಖಿಗೆ ಮೊದಲು ಇದು ಹುಟ್ಟಿರಲಾರದು. ದೊಡ್ಡಪ್ಪನ ಮಾತು ಅಲ್ಲಿಗೆ ಬಿತ್ತು. 1920ರ ದಶಕದ ನಡುವಿನ ಹೊತ್ತಿಗೆ ಮೂರರಲ್ಲಿ ಒಂದೇ ಉಳಿಯಿತು. ಇನ್ನೂ ಹತ್ತಿರ ಬರಬೇಕಾದರೆ ಮುಂದಿನ ಮರದ ಗುಬ್ಬಿಯನ್ನು ನೋಡಬೇಕು. 1919ರ ಸುಮಾರಿಗೆ ಗುಬ್ಬಿಯನ್ನು ಎತ್ತರಿಸಿದರು, ಹಿಂದಿನ ಹಿತ್ತಾಳೆ ತಿರುಪನ್ನೂ ದೊಡ್ಡದು ಮಾಡಿದರು. ನಮ್ಮದರ ಗುಬ್ಬಿ ಕುಳ್ಳು. ತಿರುಪಿನ ಅಗಲ ಒಂದೇ ಅಂಗುಲ. ಅಂದರೆ 1910 ಮತ್ತು 1918ರ ನಡುವಿನದು. ಈ ವರ್ಗಗಳನ್ನು ಮಾಡಿದವರು ಸಂಗ್ರಾಹಕರು, ಕಂಪನಿಯಲ್ಲ. ಕಾರ್ಖಾನೆ ಮಿಕ್ಕ ಹಳೆಯ ಬಿಡಿಭಾಗಗಳನ್ನು ಎಸೆಯುತ್ತಿರಲಿಲ್ಲ. ಅದರಿಂದ ಒಂದೆರಡು ವರ್ಷ ಆಚೀಚೆ ಹಿಡಿಯಲೇಬೇಕು.

ಇನ್ನು ಹೃದಯದ ಗುರುತು. ಸ್ಟಾನ್ಲಿ ವರ್ಕ್ಸ್ ಈ ಕಂಪನಿಯನ್ನು ಸೇರಿಸಿಕೊಂಡದ್ದು 1920ರಲ್ಲಿ. ವರ್ಕ್ಸ್‌ನ ಅಧ್ಯಕ್ಷರಾಗಿದ್ದ ವಿಲಿಯಂ ಹಾರ್ಟ್ ಅವರ ಹೆಸರಿನ ನೆನಪಿಗೆ ಆ ಗುರುತು. ಅಣ್ಣ ಹೇಳಿದ ಕಾಲ ಸರಿಯೇ, ಆದರೆ ಅದು ಅಲಗಿನ ಕಾಲ. ಸಾಣೆ ಹಿಡಿದಷ್ಟೂ ಅಲಗು ಮೋಟಾಗುತ್ತದೆ, ಬಡಗಿ ಹೊಸದು ಹಾಕಿಕೊಳ್ಳುತ್ತಾನೆ. ಹಿಡಿಯಂತೂ ಅಂಗೈ ಕೂರುವಲ್ಲಿ ನುಣುಪಾಗಿ ಸವೆದಿದೆ, ಅಲಗು ಇನ್ನೂ ಉದ್ದವಾಗಿಯೇ ಇದೆ. ಅದನ್ನು ಅಜ್ಜ ಹಾಕಿರಬೇಕು.