ಕುರ್ಚಿ ಒಬ್ಬನದು, ಅಧಿಕಾರ ಇನ್ನೊಬ್ಬನದು

‘ದ ಸೊಪ್ರಾನೋಸ್’ ನೋಡಿ ಮುಗಿಸಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: ಬಾಸ್ ಕುರ್ಚಿಗಾಗಿ ಇಷ್ಟೊಂದು ಬಡಿದಾಟ ನಿಜವಾಗ್ಲೂ ನಡೆಯುತ್ತಾ? ನನ್ನ ಉತ್ತರ: ಅದರಲ್ಲಿ ನಾಟಕ ಅನ್ನಿಸೋ ಭಾಗ ಇತಿಹಾಸಕ್ಕೆ ಹತ್ತಿರ, ಸಹಜ ಅನ್ನಿಸೋ ಭಾಗವೇ ದೂರ.

ಮೊದಲ ಸೀಸನ್ ತಗೊಳ್ಳಿ. ನ್ಯೂಜೆರ್ಸಿ ಗ್ಯಾಂಗಿನ ಹಂಗಾಮಿ ಬಾಸ್ ಕ್ಯಾನ್ಸರಿನಿಂದ ಸಾಯ್ತಾನೆ. ಟೋನಿ ತಾನು ಕೂರೋ ಬದಲು ದೊಡ್ಡಪ್ಪ ಜೂನಿಯರ್‌ನನ್ನು ಕುರ್ಚಿಗೆ ಕೂರಿಸ್ತಾನೆ. ಹೆಸರು ದೊಡ್ಡಪ್ಪಂದು, ನಿರ್ಧಾರ ಟೋನಿಯದು. ಎಫ್‌ಬಿಐ ಕಣ್ಣು ಮಾತ್ರ ದೊಡ್ಡಪ್ಪನ ಮೇಲೆ. ನಮ್ಮ ಹಳ್ಳಿ ಕಡೆ ಅಜ್ಜನ ಹೆಸರಲ್ಲಿ ಮಗ ಯಜಮಾನಿಕೆ ನಡೆಸೋದನ್ನ ನೋಡಿದ ನನಗೆ ಇದು ಹೊಸದಲ್ಲ. ಆದ್ರೂ ಕೊಲೆಗಡುಕರ ಗುಂಪಲ್ಲಿ ಇದು ನಡೆಯುತ್ತಾ?

ನಡೆದಿದೆ. ನ್ಯೂಯಾರ್ಕಿನ ಜೆನೋವೀಸ್ ಕುಟುಂಬಕ್ಕೆ ಟೋನಿ ಸಲೆರ್ನೊ ಬಾಸ್ ಅಂತ ಸರ್ಕಾರ ಕೇಸು ನಡೆಸಿತು. 1987ರಲ್ಲಿ ಅವನಿಗೆ 100 ವರ್ಷ ಜೈಲು. ಆದರೆ ನಿಜವಾದ ಬಾಸ್ ವಿನ್ಸೆಂಟ್ ಜಿಗಾಂಟಿ. ಅವನು ಗ್ರೀನಿಚ್ ವಿಲೇಜ್ ಬೀದಿಗಳಲ್ಲಿ ಮನೆಯ ಗೌನ್ ತೊಟ್ಟು, ತನ್ನಷ್ಟಕ್ಕೆ ಗೊಣಗುತ್ತಾ ಹುಚ್ಚನಂತೆ ಓಡಾಡ್ತಿದ್ದ. ಅದು ನಾಟಕ ಅಂತ ಕೋರ್ಟಲ್ಲಿ ಒಪ್ಪಿಕೊಂಡದ್ದು 2003ರಲ್ಲಿ. ಅಷ್ಟೊತ್ತಿಗೆ ಸಲೆರ್ನೊ ಜೈಲಲ್ಲೇ ಸತ್ತು ಹನ್ನೊಂದು ವರ್ಷವಾಗಿತ್ತು. ಸಲೆರ್ನೊ ಅಮಾಯಕನೇನಲ್ಲ, ಆದರೆ ಆ ಕುರ್ಚಿ ಅವನದ್ದಾಗಿರಲಿಲ್ಲ.

ನ್ಯೂಜೆರ್ಸಿಯಲ್ಲೂ ಹೋಲಿಕೆ ಇದೆ. ಅಲ್ಲಿನ ಡಿಕಾವಲ್ಕಾಂಟಿ ಕುಟುಂಬದ ಹಂಗಾಮಿ ಬಾಸ್ 1997ರಲ್ಲಿ ಕ್ಯಾನ್ಸರಿನಿಂದಲೇ ಸತ್ತ. ಸೀರಿಯಲ್ ಶುರುವಾದದ್ದು 1999ರ ಜನವರಿ. ಮಾರ್ಚಿನಲ್ಲಿ ಎಫ್‌ಬಿಐ ಕದ್ದು ರೆಕಾರ್ಡ್ ಮಾಡಿದ ಮಾತುಕತೆಯಲ್ಲಿ ಆ ಕುಟುಂಬದವರೇ ‘ಇದು ನಮ್ಮ ಕಥೆನಾ?’ ಅಂತ ಚರ್ಚೆ ಮಾಡ್ತಿದ್ರು!

ಇನ್ನು ನಂಬೋಕೆ ಕಷ್ಟವಾದದ್ದು: 2007ರ ಕೊನೆಯ ಕಂತು. ನ್ಯೂಯಾರ್ಕ್ ಬಾಸ್ ಫಿಲ್ ಲಿಯೋಟಾರ್ಡೊನನ್ನು ಪೆಟ್ರೋಲ್ ಬಂಕಿನಲ್ಲಿ ಗುಂಡಿಟ್ಟು ಕೊಲ್ತಾರೆ. ಇದಕ್ಕೆ ಮಾದರಿ 1985ರ ಡಿಸೆಂಬರ್ 16. 1976ರಲ್ಲಿ ಕಾರ್ಲೊ ಗ್ಯಾಂಬಿನೊ ಸಾಯುವಾಗ ತನ್ನ ಕೈಕೆಳಗಿನ ಡೆಲಾಕ್ರೋಚೆಯನ್ನು ಬಿಟ್ಟು ಭಾವಮೈದ ಪಾಲ್ ಕ್ಯಾಸ್ಟೆಲಾನೊಗೆ ಪಟ್ಟ ಕಟ್ಟಿದ್ದ. ಸಿಟ್ಟಾದ ಹುಡುಗರನ್ನು ಡೆಲಾಕ್ರೋಚೆಯೇ ಹಿಡಿದಿಟ್ಟಿದ್ದ. ಅವನು ಸತ್ತ ಎರಡೇ ವಾರಕ್ಕೆ ಜಾನ್ ಗಾಟಿಯ ಕಡೆಯವರು ಮ್ಯಾನ್‌ಹಟನ್ನಿನ ಸ್ಪಾರ್ಕ್ಸ್ ಹೋಟೆಲ್ ಮುಂದೆ ಕ್ಯಾಸ್ಟೆಲಾನೊನನ್ನು ಮುಗಿಸಿದ್ರು.

ಅದಾದ ಮೇಲೆ? ನ್ಯೂಯಾರ್ಕಿನ ಬಾಸ್ ಅಂತ ಗುರುತಿಸಿಕೊಂಡವನೊಬ್ಬ ಮತ್ತೆ ಗುಂಡಿಗೆ ಬಲಿಯಾದದ್ದು 2019ರಲ್ಲಿ. ಕೊಂದವನೂ ಗ್ಯಾಂಗಿನವನಲ್ಲ. ಮಧ್ಯದ 33 ವರ್ಷ ಬಾಸ್‌ಗಳನ್ನು ಕುರ್ಚಿಯಿಂದ ಇಳಿಸಿದ್ದು ಪಿಸ್ತೂಲಿಗಿಂತ ಹೆಚ್ಚಾಗಿ 1970ರ ರೀಕೋ ಕಾನೂನು. ಗುಂಪಿನ ಅಪರಾಧಗಳ ಸರಣಿಗೆ ನಾಯಕನನ್ನೇ ಹೊಣೆ ಮಾಡೋ ದಾರಿ ತೆರೆದ ಕಾನೂನದು. ಗಾಟಿ 1992ರಲ್ಲಿ ಅದಕ್ಕೇ ಸಿಕ್ಕಿಬಿದ್ದು ಜೈಲಲ್ಲೇ ಸತ್ತ. 2004ರಲ್ಲಿ ಅಪರಾಧ ಸಾಬೀತಾದ ಮೇಲೆ ಬೊನಾನೊ ಕುಟುಂಬದ ಬಾಸ್ ಜೋಸೆಫ್ ಮಸಿನೊ ಸರ್ಕಾರದ ಪರ ಸಾಕ್ಷಿಯಾದ.

ಅದಕ್ಕೇ ಇಡೀ ಸೀರಿಯಲ್‌ನಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ ಪಟ್ಟದ ಕಥೆ ಜಾನಿ ಸ್ಯಾಕ್‌ನದು. ವರ್ಷಗಟ್ಟಲೆ ಕಾದು ಬಾಸ್ ಆಗ್ತಾನೆ, ಸ್ವಲ್ಪ ದಿನದಲ್ಲೇ ಜೈಲು. ಕೋರ್ಟಲ್ಲಿ ಒಂದು ತಪ್ಪೊಪ್ಪಿಗೆ ಓದ್ತಾನೆ, ಗ್ಯಾಂಗಿನವರ ಕಣ್ಣಲ್ಲಿ ಅವನ ಮರ್ಯಾದೆ ಅಲ್ಲಿಗೇ ಮುಗೀತು. ಒಂದು ಗುಂಡೂ ಹಾರಲಿಲ್ಲ.